ಮನೆಯೊಳಗಿನ ಹಿಂಸೆ: ನೆರೆಹೊರೆಯ ಹೊಣೆ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ಕುಟುಂಬ ದಿನದ ಸಭೆಯಲ್ಲಿ ಮಾಡಿದ ಉಪನ್ಯಾಸ)



ನಮ್ಮ ಹಿರಿಯರು ಕಲ್ಲು ಹೊತ್ತು, ಗಾರೆ ಕಲಸಿ ಕಟ್ಟಿದ ಈ ದೇವಾಲಯಕ್ಕೆ ನೂರು ವರ್ಷ ತುಂಬಿದ ಸಂಭ್ರಮದಲ್ಲಿ ನಾವೆಲ್ಲರೂ ಸೇರಿದ್ದೇವೆ. ಇಂತಹ ಸಂದರ್ಭದಲ್ಲಿ ಗೋಪುರಕ್ಕೆ ಬಣ್ಣ ಬಳಿಯುವುದೂ, ಹಳೆಯ ದಾಖಲೆ ಪುಸ್ತಕಗಳ ಧೂಳು ಕೊಡವಿ ಇಷ್ಟು ಜ್ಞಾನಸ್ನಾನಗಳಾದವು, ಇಷ್ಟು ವಿವಾಹಗಳಾದವು ಎಂದು ಎಣಿಸುವುದೂ ಸಹಜವೇ ಆಗಿದೆ. ಆ ವಿವಾಹ ಪುಸ್ತಕದ ಪ್ರತಿಯೊಂದು ಸಾಲಿನಲ್ಲಿಯೂ ವರನ ಹೆಸರಿದೆ, ವಧುವಿನ ಹೆಸರಿದೆ, ಇಬ್ಬರು ಸಾಕ್ಷಿಗಳ ಹೆಸರೂ ಇದೆ. ಆದರೆ ಮದುವೆಯ ಚಪ್ಪರ ಬಿಚ್ಚಿದ ಮೇಲೆ ಆ ಮನೆಗಳಲ್ಲಿ ಏನು ನಡೆಯಿತೆಂಬುದನ್ನು ಯಾವ ಪುಸ್ತಕವೂ ಬರೆದಿಟ್ಟಿಲ್ಲ. ಬಹುಪಾಲು ಮನೆಗಳಲ್ಲಿ ಪ್ರೀತಿ ನೆಲೆಸಿತು, ಮಕ್ಕಳು ಬೆಳೆದರು. ಕೆಲವು ಮನೆಗಳಲ್ಲಿ ಹೆಣ್ಣೊಬ್ಬಳು ಪೆಟ್ಟು ತಿಂದಳು, ಸುಮ್ಮನಿದ್ದಳು. ಇಂದು ನಾವು ಮಾತನಾಡಲಿರುವುದು ಆ ಮನೆಗಳ ವಿಷಯವಾಗಿ. ಹಬ್ಬದ ದಿನಕ್ಕೆ ಇದು ಕಹಿಯಾದ ವಿಷಯವೆಂದು ಕೆಲವರಿಗೆ ತೋರಬಹುದು. ಆದರೆ ಮನೆಯ ಹಿರಿಯರು ನೂರನೆಯ ವರ್ಷದಲ್ಲಿ ಮನೆಯ ನೋವನ್ನು ವಿಚಾರಿಸದಿದ್ದರೆ ಮತ್ತಾವಾಗ ವಿಚಾರಿಸುವುದು?

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ನಮ್ಮ ನಾಡಿನಲ್ಲಿ ಬಹು ಹಳೆಯದು. ಗಾದೆ ಸುಳ್ಳಲ್ಲ; ಆದರೆ ಅದು ಜಗಳದ ಕುರಿತು ಹೇಳಿದ ಮಾತು. ಸಾರಿಗೆ ಉಪ್ಪು ಹೆಚ್ಚಾಯಿತೆಂದೋ, ಮಗಳ ಶಾಲೆಯ ಶುಲ್ಕ ಕಟ್ಟುವ ದಿನ ಮರೆತುಹೋಯಿತೆಂದೋ ಸತಿಪತಿಗಳಲ್ಲಿ ಜಗಳವಾಗುತ್ತದೆ. ಅಲ್ಲಿ ಇಬ್ಬರಿಗೂ ಬಾಯಿಯಿರುತ್ತದೆ. ಹಿಂಸೆಯಲ್ಲಿ ಬಾಯಿ ಒಬ್ಬರದು, ಭಯ ಇನ್ನೊಬ್ಬರದು. ಜಗಳವಾಡಿದ ಹೆಂಡತಿ ಮರುದಿನ ಕೊಳಾಯಿಯ ಬಳಿ ಗಂಡನನ್ನು ಆಡಿಕೊಂಡು ನಗುತ್ತಾಳೆ. ಹಿಂಸೆಗೆ ಒಳಗಾದವಳು ಬಚ್ಚಲಿನಲ್ಲಿ ಜಾರಿ ಬಿದ್ದೆನೆಂದು ಹೇಳಿ ಸೆರಗು ಎಳೆದುಕೊಳ್ಳುತ್ತಾಳೆ. ಬೀದಿಯ ತಿರುವಿನಲ್ಲಿ ತಂದೆಯ ಗಾಡಿಯ ಸದ್ದು ಕೇಳಿದೊಡನೆ ಮಕ್ಕಳು ದನಿಯಡಗಿಸಿ ಮೂಲೆ ಸೇರುವ ಮನೆಯಲ್ಲಿ ನಡೆಯುತ್ತಿರುವುದು ಜಗಳವಲ್ಲ. ಈ ವ್ಯತ್ಯಾಸವನ್ನು ಅರಿಯದೆ ಗಾದೆಯನ್ನು ಬಳಸಿದರೆ ಗಾದೆಯೇ ಬಾಗಿಲಿಗೆ ಅಗಳಿಯಾಗುತ್ತದೆ.

ಹಿಂಸೆಯೆಂದರೆ ಹೊಡೆತ ಮಾತ್ರವೇ ಎಂಬ ಪ್ರಶ್ನೆಗೆ ನಮ್ಮ ದೇಶದ ಕಾನೂನು ಸ್ಪಷ್ಟವಾದ ಉತ್ತರ ಕೊಟ್ಟಿದೆ. 2005ರಲ್ಲಿ ಅಂಗೀಕೃತವಾಗಿ 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ, ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ಸಂರಕ್ಷಿಸುವ ಅಧಿನಿಯಮವು ನಾಲ್ಕು ಬಗೆಯ ಹಿಂಸೆಯನ್ನು ಹೆಸರಿಸುತ್ತದೆ. ದೇಹಕ್ಕೆ ಮಾಡುವ ಹಿಂಸೆ ಮೊದಲನೆಯದು. ಲೈಂಗಿಕ ಹಿಂಸೆ ಎರಡನೆಯದು. ಗಂಡು ಮಗುವಾಗಲಿಲ್ಲವೆಂದು ಹಂಗಿಸುವುದು, ಅವಮಾನಿಸುವುದು, ಆಕೆಯ ಪ್ರೀತಿಪಾತ್ರರಿಗೆ ಕೇಡು ಮಾಡುವೆನೆಂದು ಬೆದರಿಸುವುದು ಮುಂತಾದ ಮಾತಿನ ಮತ್ತು ಮನಸ್ಸಿನ ಹಿಂಸೆ ಮೂರನೆಯದು. ಮನೆಖರ್ಚಿಗೆ ಹಣ ಕೊಡದಿರುವುದು, ಆಕೆಯ ಒಡವೆಗಳನ್ನು ಒಪ್ಪಿಗೆಯಿಲ್ಲದೆ ಮಾರುವುದು, ಆಕೆ ದುಡಿದ ಸಂಬಳವನ್ನು ಕಿತ್ತುಕೊಳ್ಳುವುದು ಮುಂತಾದ ಆರ್ಥಿಕ ಹಿಂಸೆ ನಾಲ್ಕನೆಯದು. ಈ ಕಾನೂನಿನ ರಕ್ಷಣೆ ಹೆಂಡತಿಯೊಬ್ಬಳಿಗೇ ಸೀಮಿತವಲ್ಲ. ಮಗನಿಂದ ಪೆಟ್ಟು ತಿನ್ನುವ ವೃದ್ಧ ತಾಯಿಗೂ, ಅಣ್ಣನ ಮನೆಯಲ್ಲಿ ನರಳುವ ಅವಿವಾಹಿತ ತಂಗಿಗೂ ಅದು ಅನ್ವಯಿಸುತ್ತದೆ.

ಇದೆಲ್ಲ ಬೇರೆಲ್ಲಿಯೋ ನಡೆಯುವುದು, ನಮ್ಮ ಕಡೆಯಲ್ಲ ಎಂದು ಸಮಾಧಾನ ಪಡುವವರು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ನೋಡಬೇಕು. 2019-21ರಲ್ಲಿ ನಡೆದ ಐದನೆಯ ಸಮೀಕ್ಷೆಯಲ್ಲಿ, 18ರಿಂದ 49 ವರ್ಷ ವಯಸ್ಸಿನ ವಿವಾಹಿತ ಸ್ತ್ರೀಯರಲ್ಲಿ ಪತಿಯಿಂದ ಹಿಂಸೆಗೆ ಒಳಗಾದವರು ದೇಶದಲ್ಲಿ ಶೇ. 29ರಷ್ಟಿದ್ದರೆ ಕರ್ನಾಟಕದಲ್ಲಿ ಶೇ. 44ರಷ್ಟಿದ್ದರು. 2015-16ರ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಅಂಕಿ ಶೇ. 20ರ ಸುಮಾರಿನಲ್ಲಿತ್ತು. ಹಿಂಸೆಯೇ ಇಮ್ಮಡಿಯಾಯಿತೋ, ಹೇಳುವ ಧೈರ್ಯ ಹೆಚ್ಚಿತೋ ಎಂದು ಪಂಡಿತರು ಚರ್ಚಿಸಲಿ. ಶೇ. 44 ಎಂದರೆ ನೂರರಲ್ಲಿ ನಲವತ್ತನಾಲ್ಕು ಮನೆ. ಅಷ್ಟು ಮನೆಗಳು ಯಾವ ಊರಿನಲ್ಲಿಯೂ ಒಂದೇ ಬೀದಿಯಲ್ಲಿರುವುದಿಲ್ಲ, ಒಂದೇ ಜಾತಿ ಮತಕ್ಕೆ ಸೇರಿರುವುದೂ ಇಲ್ಲ. ಅದೇ ಸಮೀಕ್ಷೆಯು, ಗಂಡ ಹೆಂಡತಿಯನ್ನು ಹೊಡೆಯಲು ತಕ್ಕ ಕಾರಣವಿರಬಹುದೇ ಎಂದೂ ಕೇಳಿತು. ಹೇಳದೆ ಹೊರಗೆ ಹೋದದ್ದು, ಎದುರು ಮಾತನಾಡಿದ್ದು, ಅಡುಗೆ ಕೆಡಿಸಿದ್ದು, ಅತ್ತೆ ಮಾವಂದಿರಿಗೆ ಮರ್ಯಾದೆ ಕೊಡದಿದ್ದುದು, ಇವೇ ಮೊದಲಾದ ಕಾರಣಗಳಲ್ಲಿ ಒಂದನ್ನಾದರೂ ಒಪ್ಪಿದವರು ಕರ್ನಾಟಕದ ಸ್ತ್ರೀಯರಲ್ಲಿ ಶೇ. 75ನ್ನೂ, ಪುರುಷರಲ್ಲಿ ಶೇ. 80ನ್ನೂ ಮೀರಿದ್ದರು. ಹೊಡೆಯುವ ಕೈ ಒಬ್ಬನದಾದರೂ ಆ ಕೈಗೆ ಬಲ ಕೊಡುವ ಅಭಿಪ್ರಾಯ ಸಮಾಜದ್ದು ಎಂಬುದು ಇದರಿಂದ ತಿಳಿಯುತ್ತದೆ.

ಇನ್ನೊಂದು ಅಂಕಿಯ ಕಡೆಗೆ ನಾವು ತಮ್ಮ ಗಮನವನ್ನು ವಿಶೇಷವಾಗಿ ಸೆಳೆಯಬಯಸುತ್ತೇವೆ. ಹಿಂಸೆಗೆ ಒಳಗಾದ ಭಾರತದ ಸ್ತ್ರೀಯರಲ್ಲಿ ಸಹಾಯ ಬೇಡಿದವರು ಶೇ. 14 ಮಾತ್ರ. ಶೇ. 77ರಷ್ಟು ಮಂದಿ ಸಹಾಯವನ್ನೂ ಬೇಡಲಿಲ್ಲ, ಯಾರೊಬ್ಬರೊಂದಿಗೂ ಬಾಯಿ ಬಿಡಲಿಲ್ಲ. ಬೇಡಿದವರಾದರೂ ಹೋದದ್ದು ಎಲ್ಲಿಗೆ? ಬಹುಮಟ್ಟಿಗೆ ತವರಿನವರ ಬಳಿಗೆ, ಗಂಡನ ಮನೆಯವರ ಬಳಿಗೆ, ಗೆಳತಿಯರ ಮತ್ತು ನೆರೆಯವರ ಬಳಿಗೆ. ಪೊಲೀಸರನ್ನೂ ವೈದ್ಯರನ್ನೂ ವಕೀಲರನ್ನೂ ಕಂಡವರು ತೀರ ಕಡಿಮೆ. ಆದುದರಿಂದ ನಮ್ಮ ಇಂದಿನ ಮಾತಿನ ತಿರುಳು ಇಷ್ಟೆ: ನೊಂದ ಹೆಣ್ಣಿಗೆ ಮೊದಲ ನ್ಯಾಯಾಲಯ ನಾವೇ. ಎಷ್ಟೋ ವರ್ಷ ನುಂಗಿಕೊಂಡದ್ದನ್ನು ಆಕೆ ಒಂದು ದಿನ, ಒಬ್ಬರ ಮುಂದೆ, ಅರ್ಧ ವಾಕ್ಯದಲ್ಲಿ ಹೇಳುತ್ತಾಳೆ. ಆ ಒಬ್ಬರು ಕೊಡುವ ಮೊದಲ ಉತ್ತರದ ಮೇಲೆ ಆಕೆ ಇನ್ನೊಮ್ಮೆ ಬಾಯಿ ತೆರೆಯುವಳೋ ಇಲ್ಲವೋ ಎಂಬುದು ನಿರ್ಧಾರವಾಗುತ್ತದೆ.

ಹಾಗಾದರೆ ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಉತ್ತರಗಳು ಯಾವುವು? ‘ಹೊಂದಿಕೊಂಡು ಹೋಗಮ್ಮ’ ಎಂಬುದು ಮೊದಲನೆಯದು. ಹೊಂದಾಣಿಕೆ ಸಂಸಾರಕ್ಕೆ ಅಗತ್ಯವೇ ಸರಿ. ಆದರೆ ಹೊಂದಾಣಿಕೆಯೆಂದರೆ ಇಬ್ಬರೂ ಒಂದೊಂದು ಹೆಜ್ಜೆ ಇಡುವುದು. ಪೆಟ್ಟಿಗೆ ಬೆನ್ನು ಒಡ್ಡುವುದಕ್ಕೆ ಆ ಹೆಸರು ಸಲ್ಲದು.

‘ಏನು ಮಾಡುವುದು, ಕುಡಿತ ಅವನನ್ನು ಹಾಗೆ ಮಾಡಿಸುತ್ತದೆ’ ಎಂಬುದು ಎರಡನೆಯದು. ಕುಡಿತ ಹಿಂಸೆಯನ್ನು ಬಹಳವಾಗಿ ಹೆಚ್ಚಿಸುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಗಂಡ ಪದೇ ಪದೇ ಅಮಲಿಗೆ ಬೀಳುವ ಮನೆಗಳಲ್ಲಿ ಶೇ. 70ರಷ್ಟು ಹೆಂಡತಿಯರು ಹಿಂಸೆಯನ್ನು ಕಂಡಿದ್ದಾರೆಂದು ಅದೇ ಸಮೀಕ್ಷೆ ಹೇಳುತ್ತದೆ. ಆದರೆ ಗಂಡ ಕುಡಿಯದ ಮನೆಗಳಲ್ಲಿಯೂ ಶೇ. 23ರಷ್ಟು ಹೆಂಡತಿಯರು ಅದನ್ನು ಕಂಡಿದ್ದಾರೆ. ಇನ್ನೂ ಒಂದು ಮಾತನ್ನು ಯೋಚಿಸಬೇಕು. ಅಮಲೇರಿದವನು ದಾರಿಯಲ್ಲಿ ಸಿಕ್ಕ ಮೇಸ್ತ್ರಿಯನ್ನು ಹೊಡೆಯುವುದಿಲ್ಲ, ಸಾಲ ಕೊಟ್ಟ ಸಾಹುಕಾರನ ಕೆನ್ನೆಗೆ ಬಾರಿಸುವುದಿಲ್ಲ. ಮನೆಯವರೆಗೆ ನಡೆದು ಬಂದು, ಬಾಗಿಲು ಹಾಕಿ, ಹೆಂಡತಿಯನ್ನು ಹೊಡೆಯುತ್ತಾನೆ. ಯಾರನ್ನು ಹೊಡೆದರೆ ಕೇಳುವವರಿಲ್ಲ ಎಂಬ ಲೆಕ್ಕ ಅಮಲಿನಲ್ಲಿಯೂ ತಪ್ಪುವುದಿಲ್ಲ.

‘ಮಕ್ಕಳ ಮುಖ ನೋಡಿಕೊಂಡು ಸಹಿಸು’ ಎಂಬುದು ಮೂರನೆಯದು. ಆ ಮಕ್ಕಳು ನೋಡುತ್ತಿರುವುದಾದರೂ ಏನನ್ನು? ಹೊಡೆಯುವುದು ಗಂಡಸಿನ ಹಕ್ಕೆಂದು ಮಗ ಕಲಿಯುತ್ತಾನೆ, ಸಹಿಸುವುದು ಹೆಂಗಸಿನ ಹಣೆಬರಹವೆಂದು ಮಗಳು ಕಲಿಯುತ್ತಾಳೆ. ತಂದೆಯಿಂದ ತಾಯಿ ಪೆಟ್ಟು ತಿನ್ನುವುದನ್ನು ಕಂಡು ಬೆಳೆದ ಹೆಣ್ಣುಮಕ್ಕಳು ಮುಂದೆ ತಾವೂ ಗಂಡನಿಂದ ಹಿಂಸೆಗೆ ಒಳಗಾಗುವ ಸಂಭವ ಹೆಚ್ಚೆಂದು ಸಮೀಕ್ಷೆಗಳು ತೋರಿಸಿವೆ.

‘ಇದು ನಿನಗೆ ದೇವರು ಕೊಟ್ಟ ಶಿಲುಬೆ, ಹೊತ್ತುಕೋ’ ಎಂಬ ನಾಲ್ಕನೆಯ ಉತ್ತರ ನಮ್ಮಂತಹ ಭಕ್ತಜನರ ನಡುವೆ ಕೇಳಿಬರುವುದು. ವಿವಾಹ ಬಂಧನ ಶಾಶ್ವತವಾದುದರಿಂದ ಏನೇ ಆದರೂ ಒಂದೇ ಸೂರಿನಡಿ ಇರಲೇಬೇಕೆಂದು ಅನೇಕ ಸ್ತ್ರೀಯರು ನಂಬಿದ್ದಾರೆ. ಈ ನಂಬಿಕೆಗೆ ಧರ್ಮಸಭೆಯ ಕಾನೂನಿನಲ್ಲಿ ಆಧಾರವಿಲ್ಲ. ಬಂಧನದ ಶಾಶ್ವತತೆ ಒಂದು ವಿಷಯ, ಒಂದೇ ಮನೆಯಲ್ಲಿ ವಾಸಿಸುವುದು ಮತ್ತೊಂದು. 1983ರಲ್ಲಿ ಜಾರಿಗೆ ಬಂದ ಧರ್ಮಸಭೆಯ ಕಾನೂನು ಸಂಹಿತೆಯ 1153ನೆಯ ನಿಯಮದಂತೆ, ಸತಿಪತಿಗಳಲ್ಲಿ ಒಬ್ಬರು ಮತ್ತೊಬ್ಬರ ಅಥವಾ ಮಕ್ಕಳ ಆತ್ಮಕ್ಕೋ ದೇಹಕ್ಕೋ ಗಂಭೀರವಾದ ಅಪಾಯ ತಂದೊಡ್ಡಿದರೆ ಬೇರೆಯಾಗಿ ವಾಸಿಸಲು ಅದು ನ್ಯಾಯವಾದ ಕಾರಣ. ಧರ್ಮಾಧ್ಯಕ್ಷರ ಅನುಮತಿಗಾಗಿ ಕಾಯುವುದರಲ್ಲಿ ಅಪಾಯವಿದ್ದರೆ ಆಕೆ ತಾನಾಗಿಯೇ ಹೊರಟುಬರಬಹುದು. ಇದು ಹೊಸ ಕಾಲದ ಸಡಿಲಿಕೆಯೂ ಅಲ್ಲ. ನಮ್ಮ ಈ ದೇವಾಲಯದ ಅಡಿಗಲ್ಲು ಇಟ್ಟಾಗ ಜಾರಿಯಲ್ಲಿದ್ದ 1917ರ ಸಂಹಿತೆಯೂ ಕ್ರೌರ್ಯವನ್ನು ಬೇರೆ ವಾಸಕ್ಕೆ ತಕ್ಕ ಕಾರಣವೆಂದು ಒಪ್ಪಿತ್ತು. ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಕುಟುಂಬದ ಕುರಿತು ಹೊರಡಿಸಿದ ‘ಅಮೋರಿಸ್ ಲೆತೀಸಿಯಾ’ ಎಂಬ ಪ್ರಬೋಧನೆಯು ಇನ್ನೂ ಮುಂದೆ ಹೋಗಿ, ಹಿಂಸೆಯಿಂದ ದುರ್ಬಲರನ್ನು ಕಾಪಾಡಲು ಅಗಲಿಕೆ ಕೆಲವೊಮ್ಮೆ ನೈತಿಕವಾಗಿಯೇ ಅವಶ್ಯವಾಗುತ್ತದೆಂದು ತಿಳಿಸಿತು. ಹೀಗಿರುವಾಗ ಹೆಣ್ಣನ್ನು ಅಪಾಯದ ಮನೆಗೆ ಹಿಂದಕ್ಕೆ ಕಳುಹಿಸಲು ಶಿಲುಬೆಯ ಹೆಸರನ್ನು ಬಳಸುವುದು ಎಷ್ಟು ಸರಿ? ತನ್ನ ಮೇಲಾದ ಅನ್ಯಾಯವನ್ನು ತನ್ನದೇ ಪಾಪವೆಂಬಂತೆ ಪಾಪನಿವೇದನೆಯಲ್ಲಿ ಹೇಳಿಕೊಳ್ಳುವ ತಾಯಂದಿರಿದ್ದಾರೆ. ಗುರುಗಳು ಆ ಗುಟ್ಟನ್ನು ಹೊರಗೆ ಹೇಳುವಂತಿಲ್ಲ, ನಿಜ. ಆದರೆ ‘ಇದು ನಿನ್ನ ಪಾಪವಲ್ಲ, ನಿನಗೆ ದಾರಿಯಿದೆ’ ಎಂಬ ಎರಡು ಮಾತನ್ನು ಆಕೆಗೇ ಹೇಳಲು ಯಾವ ಅಡ್ಡಿಯೂ ಇಲ್ಲ.

ಆ ದಾರಿಗಳನ್ನು ತೆರೆದವರು ಬಹಳ ಕಷ್ಟಪಟ್ಟಿದ್ದಾರೆ. ವರದಕ್ಷಿಣೆಯನ್ನು 1961ರಲ್ಲಿಯೇ ನಿಷೇಧಿಸಲಾಗಿದ್ದರೂ ಸೀಮೆಎಣ್ಣೆಯ ಸ್ಟೌ ಸಿಡಿಯಿತೆಂಬ ನೆಪದಲ್ಲಿ ಸೊಸೆಯಂದಿರು ಸುಟ್ಟು ಸಾಯುವುದು ನಿಲ್ಲಲಿಲ್ಲ. 1970ರ ದಶಕದ ಕೊನೆಯಿಂದ ಮಹಿಳೆಯರು ಬೀದಿಗಿಳಿದು ಹೋರಾಡಿದರು. ಬೆಂಗಳೂರಿನಲ್ಲಿ 1979ರಲ್ಲಿ ಆರಂಭವಾದ ‘ವಿಮೋಚನಾ’ ಸಂಘಟನೆ ಇಂತಹ ಸಾವುಗಳ ಬೆನ್ನು ಹತ್ತಿ ವಿಚಾರಿಸಿತು. ಇಂತಹ ಹೋರಾಟಗಳ ಫಲವಾಗಿ 1983ರಲ್ಲಿ ಭಾರತೀಯ ದಂಡ ಸಂಹಿತೆಗೆ 498-ಎ ಕಲಮು ಸೇರಿ, ಗಂಡ ಮತ್ತು ಅವನ ಬಂಧುಗಳ ಕ್ರೌರ್ಯ ಮೂರು ವರ್ಷದವರೆಗೆ ಸೆರೆವಾಸಕ್ಕೆ ಗುರಿಯಾಗುವ ಅಪರಾಧವಾಯಿತು. 2024ರ ಜುಲೈ 1ರಿಂದ ಅದೇ ವಿಧಿ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಲ್ಲಿದೆ. ಮಂಗಳೂರು ಮೂಲದ ಕ್ಯಾಥೋಲಿಕ ಮನೆತನದ ಫ್ಲೇವಿಯಾ ಆಗ್ನೆಸ್ ಅವರನ್ನೂ ಇಲ್ಲಿ ಸ್ಮರಿಸಬೇಕು. ವೈವಾಹಿಕ ಹಿಂಸೆಯನ್ನು ಸ್ವತಃ ಅನುಭವಿಸಿ ಹೊರಬಂದ ಆಕೆ 1980ರ ದಶಕದಲ್ಲಿ ತಮ್ಮ ಕಥೆಯನ್ನು ತಮ್ಮ ಹೆಸರಿನಲ್ಲಿಯೇ ಬರೆದರು. ಅನಂತರ ವಕೀಲರಾಗಿ, ಮುಂಬಯಿಯಲ್ಲಿ ‘ಮಜ್ಲಿಸ್’ ಸಂಸ್ಥೆಯನ್ನು ಕಟ್ಟಿ, ತಮ್ಮಂತಹ ಅಸಂಖ್ಯ ಸ್ತ್ರೀಯರ ಪರವಾಗಿ ನ್ಯಾಯಾಲಯದಲ್ಲಿ ನಿಂತರು. ನೊಂದವಳು ಕೇವಲ ಕರುಣೆಯ ವಸ್ತುವಲ್ಲ, ಇತರರಿಗೆ ದಾರಿ ತೋರಬಲ್ಲವಳು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕ್ರೈಸ್ತ ಸ್ತ್ರೀಯರಿಗೆ ದೇಶದ ಕಾನೂನೇ ಬಹುಕಾಲ ಕಠಿಣವಾಗಿತ್ತು ಎಂಬುದನ್ನು ಇಂದಿನ ಯುವಜನರು ತಿಳಿಯಬೇಕು. 1869ರ ವಿಚ್ಛೇದನ ಕಾಯಿದೆಯಂತೆ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ತೋರಿಸಿದರೆ ಸಾಕಾಗುತ್ತಿತ್ತು. ಹೆಂಡತಿಯಾದರೋ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ರುಜುವಾತುಪಡಿಸಬೇಕಾಗಿತ್ತು. ಬರಿಯ ಕ್ರೌರ್ಯ, ಅದು ಎಷ್ಟೇ ಘೋರವಾಗಿರಲಿ, ಆಕೆಯ ವಿಚ್ಛೇದನಕ್ಕೆ ಸಾಲುತ್ತಿರಲಿಲ್ಲ. 2001ರ ತಿದ್ದುಪಡಿ ಈ ಭೇದವನ್ನು ತೆಗೆದುಹಾಕಿತು. ನೂರ ಮೂವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಕಾನೂನೇ ಮುಚ್ಚಿದ್ದ ಬಾಗಿಲಿನ ಮುಂದೆ ಎಷ್ಟು ಜನ ಅಜ್ಜಿಯರು, ಮುತ್ತಜ್ಜಿಯರು ನಿಂತು ಹಿಂದಿರುಗಿರಬೇಕು!

ವಿಚ್ಛೇದನ ಬೇಡದ, ಕೇವಲ ಪೆಟ್ಟು ನಿಲ್ಲಬೇಕೆನ್ನುವ ಹೆಣ್ಣಿಗೆ 2005ರ ಅಧಿನಿಯಮ ನೆರವಾಗುತ್ತದೆ. ಅದು ಗಂಡನನ್ನು ಜೈಲಿಗೆ ಕಳುಹಿಸುವುದರಿಂದ ಆರಂಭವಾಗುವುದಿಲ್ಲ. ಆಕೆಯನ್ನು ಕಾಪಾಡುವುದರಿಂದ ಆರಂಭವಾಗುತ್ತದೆ. ಮ್ಯಾಜಿಸ್ಟ್ರೇಟರು ಹಿಂಸೆ ಮಾಡಕೂಡದೆಂದು ರಕ್ಷಣಾ ಆದೇಶ ಕೊಡಬಹುದು, ಆಕೆಯನ್ನು ಮನೆಯಿಂದ ಹೊರಹಾಕದಂತೆ ವಾಸದ ಆದೇಶ ಕೊಡಬಹುದು, ಜೀವನಾಂಶ, ವೈದ್ಯಕೀಯ ವೆಚ್ಚ, ಪರಿಹಾರ, ಮಕ್ಕಳ ತಾತ್ಕಾಲಿಕ ಸುಪರ್ದು ಇವೆಲ್ಲವನ್ನೂ ಆಜ್ಞಾಪಿಸಬಹುದು. ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನಗಳೊಳಗೆ ನಡೆಯತಕ್ಕದ್ದು, ಅರವತ್ತು ದಿನಗಳಲ್ಲಿ ಇತ್ಯರ್ಥಪಡಿಸಲು ಯತ್ನಿಸತಕ್ಕದ್ದು ಎಂದು ಅಧಿನಿಯಮ ಹೇಳುತ್ತದೆ. ವಾಸ್ತವದಲ್ಲಿ ವಿಳಂಬವಾಗುವುದುಂಟು, ಆದುದರಿಂದಲೇ ಆಕೆಯ ಜೊತೆಗೆ ಅಲೆಯುವವರು ಬೇಕು. ರಕ್ಷಣಾ ಆದೇಶವನ್ನು ಮೀರಿದವನಿಗೆ ಒಂದು ವರ್ಷದವರೆಗೆ ಸೆರೆವಾಸವನ್ನೋ, ಇಪ್ಪತ್ತು ಸಾವಿರ ರೂಪಾಯಿಗಳವರೆಗೆ ದಂಡವನ್ನೋ, ಎರಡನ್ನೂ ಒಟ್ಟಿಗೋ ವಿಧಿಸಬಹುದು. ‘ಮನೆ ಮಾವನ ಹೆಸರಿನಲ್ಲಿದೆ, ನಿನಗೇನು ಹಕ್ಕು?’ ಎಂದು ಹೆದರಿಸುವ ಪರಿಪಾಠವೂ ಉಂಟು. ಸಂಸಾರ ನಡೆದ ಮನೆ ಗಂಡನ ಬಂಧುಗಳ ಹೆಸರಿನಲ್ಲಿದ್ದರೂ ಆಕೆ ಅಲ್ಲಿ ವಾಸದ ಹಕ್ಕನ್ನು ಕೇಳಬಹುದೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತೀರ್ಪು ಕೊಟ್ಟಿದೆ.

ಈ ಕಾನೂನಿನ ಕೀಲಿಕೈ ಸಂರಕ್ಷಣಾಧಿಕಾರಿಯ ಕೈಯಲ್ಲಿದೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಈ ಹೊಣೆಯನ್ನು ವಹಿಸಲಾಗಿದೆ. ನಿಮ್ಮ ಬೀದಿಯ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಆ ಕಚೇರಿಯ ದಾರಿ ತಿಳಿಯುತ್ತದೆ. ನಡೆದುದನ್ನು ವರದಿಯಾಗಿ ಬರೆದು ಮ್ಯಾಜಿಸ್ಟ್ರೇಟರಿಗೆ ಸಲ್ಲಿಸುವುದು ಆ ಅಧಿಕಾರಿಯ ಕರ್ತವ್ಯ. ನೊಂದವಳೇ ಹೋಗಬೇಕೆಂದಿಲ್ಲ, ಹಿಂಸೆ ನಡೆದಿದೆಯೆಂದು ನಂಬಲು ಕಾರಣವಿರುವ ಯಾರಾದರೂ ತಿಳಿಸಬಹುದು, ಸದ್ಭಾವನೆಯಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲವೆಂದು ಅಧಿನಿಯಮದ 4ನೆಯ ಕಲಮು ಅಭಯ ಕೊಡುತ್ತದೆ. ಇದಲ್ಲದೆ ಆಶ್ರಯ, ಚಿಕಿತ್ಸೆ, ಪೊಲೀಸು, ಕಾನೂನು ನೆರವುಗಳನ್ನು ಒಂದೆಡೆ ದೊರಕಿಸಲು 2015ರಿಂದ ಆರಂಭವಾದ ‘ಸಖಿ’ ಕೇಂದ್ರಗಳಿವೆ. ತುರ್ತು ಕರೆಗೆ 112, ಮಹಿಳಾ ಸಹಾಯವಾಣಿಗೆ 181, ಮಕ್ಕಳಿಗಾಗಿ 1098, ಉಚಿತ ಕಾನೂನು ನೆರವಿಗೆ 15100. ಆದಾಯ ಎಷ್ಟೇ ಇರಲಿ, ಸ್ತ್ರೀಯರೆಲ್ಲರಿಗೂ ಉಚಿತ ಕಾನೂನು ನೆರವಿನ ಹಕ್ಕುಂಟು.

ಇಷ್ಟಾದರೂ ಕಾನೂನು ತಾನಾಗಿ ನಡೆದು ಬರುವುದಿಲ್ಲ. ನಡುವೆ ಒಬ್ಬ ಮನುಷ್ಯ ಬೇಕು. ಆ ಮನುಷ್ಯರು ನಾವಾಗುವುದಾದರೆ ಏನು ಮಾಡಬೇಕು?

ಮೊದಲನೆಯದಾಗಿ, ಆಕೆಯೊಬ್ಬಳನ್ನೇ ಕೂರಿಸಿಕೊಂಡು ಕೇಳಬೇಕು. ಗಂಡನ ಎದುರಿಗೆ, ಅತ್ತೆಯ ಎದುರಿಗೆ, ಹತ್ತು ಜನರ ನಡುವೆ ಕೇಳಿದರೆ ಸತ್ಯ ಹೊರಬರುವುದಿಲ್ಲ. ಹೊರಬಂದರೆ ಆ ರಾತ್ರಿ ಅದಕ್ಕೆ ಬೆಲೆ ತೆರುವವಳು ಆಕೆಯೇ. ‘ನೀನೇನು ಮಾಡಿದೆ?’ ಎಂಬ ಪ್ರಶ್ನೆಯನ್ನು ಕೇಳಲೇಬಾರದು. ‘ನಿನ್ನ ಮಾತನ್ನು ನಾವು ನಂಬುತ್ತೇವೆ’ ಎಂಬ ಮಾತು ಔಷಧಕ್ಕಿಂತ ಮೊದಲು ಬೇಕಾದದ್ದು. ಆಕೆ ಹೇಳಿದ್ದು ಅಲ್ಲಿಯೇ ಉಳಿಯಬೇಕು. ಸಂಘದ ಸಭೆಯಲ್ಲಿ, ಜಪಸರದ ಕೂಟದಲ್ಲಿ, ಪ್ರಾರ್ಥನೆಯ ಕೋರಿಕೆಯ ನೆಪದಲ್ಲಿ ಸಹ ಹರಡಬಾರದು.

ಎರಡನೆಯದಾಗಿ, ಅಪಾಯ ಎಷ್ಟೆಂದು ಅಳೆಯಬೇಕು. ಕತ್ತು ಹಿಸುಕಿದ್ದಾನೆಯೇ? ಕೊಲ್ಲುತ್ತೇನೆಂದು ಬೆದರಿಸಿದ್ದಾನೆಯೇ? ಮಚ್ಚು, ಸೀಮೆಎಣ್ಣೆ, ವಿಷದ ಮಾತು ಬಂದಿದೆಯೇ? ಬಸುರಿಯಾಗಿದ್ದಾಗಲೂ ಹೊಡೆದಿದ್ದಾನೆಯೇ? ಇವುಗಳಲ್ಲಿ ಒಂದಕ್ಕಾದರೂ ಹೌದೆಂಬ ಉತ್ತರ ಬಂದರೆ ನಾಳೆಗೆ ಕಾಯುವಂತಿಲ್ಲ. ಹೆಣ್ಣು ಮನೆ ಬಿಟ್ಟು ಹೊರಡುವ ಹೊತ್ತೇ ಹೆಚ್ಚು ಅಪಾಯದ್ದೆಂದು ಈ ಕಾರ್ಯದಲ್ಲಿ ನುರಿತವರೆಲ್ಲರೂ ಹೇಳುತ್ತಾರೆ. ಆದುದರಿಂದ ಹೊರಡುವ ವಿಷಯ ಗುಟ್ಟಾಗಿರಬೇಕು. ಆಧಾರ್, ಪಡಿತರ ಚೀಟಿ, ಬ್ಯಾಂಕಿನ ಪುಸ್ತಕ, ಮಕ್ಕಳ ಜನನ ಪ್ರಮಾಣ ಪತ್ರ, ಮದುವೆಯ ಪತ್ರ, ಒಂದಿಷ್ಟು ಹಣ, ಇವನ್ನು ನಂಬಿಕೆಯವರ ಮನೆಯಲ್ಲಿ ಮೊದಲೇ ಇಟ್ಟಿರುವುದು ಒಳ್ಳೆಯದು. ಗಾಯವಾಗಿದ್ದರೆ ಆಸ್ಪತ್ರೆಗೆ ಕರೆದೊಯ್ದು, ಹೇಗೆ ಆಯಿತೆಂಬುದನ್ನು ಮರೆಮಾಚದೆ ಬರೆಯಿಸಬೇಕು. ಆ ಒಂದು ಹಾಳೆ ಮುಂದೆ ಹತ್ತು ಸಾಕ್ಷಿಗಳಿಗೆ ಸಮನಾದೀತು.

ಮೂರನೆಯದಾಗಿ, ರಾಜಿಯ ಆತುರ ಕೂಡದು. ಹಿರಿಯರು ಕುಳಿತು, ಇಬ್ಬರಿಗೂ ಬುದ್ಧಿ ಹೇಳಿ, ಅವನಿಂದ ‘ಇನ್ನು ಹೊಡೆಯುವುದಿಲ್ಲ’ ಎಂದೂ ಅವಳಿಂದ ‘ಇನ್ನು ಎದುರಾಡುವುದಿಲ್ಲ’ ಎಂದೂ ಮಾತು ತೆಗೆದುಕೊಂಡು ಕಳುಹಿಸುವುದು ನಮ್ಮ ಕಡೆಯ ಪದ್ಧತಿ. ಇದರಲ್ಲಿ ಹೊಡೆತವನ್ನೂ ಮಾತನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಂತಾಗುತ್ತದೆ. ಅಧಿನಿಯಮದ ಅಡಿಯಲ್ಲಿ ರಚಿತವಾದ 2006ರ ನಿಯಮಾವಳಿ ಈ ವಿಷಯದಲ್ಲಿ ಬಹು ವಿವೇಕದಿಂದ ಕೂಡಿದೆ. ನ್ಯಾಯಾಲಯ ಏರ್ಪಡಿಸುವ ಆಪ್ತಸಮಾಲೋಚನೆಯಲ್ಲಿ ತಾನು ಹಿಂಸೆ ಮಾಡಿದ್ದಕ್ಕೆ ಸಮರ್ಥನೆ ಕೊಡಲು ಪ್ರತಿವಾದಿಗೆ ಅವಕಾಶವೇ ಇಲ್ಲ. ಹಾಗೆಂದು ಅವನಿಗೆ ಮೊದಲೇ ತಿಳಿಸತಕ್ಕದ್ದು. ನಮ್ಮ ಹಿರಿಯರ ಪಂಚಾಯಿತಿಗಳೂ ಈ ಒಂದು ನಿಯಮವನ್ನು ಅಳವಡಿಸಿಕೊಂಡರೆ ಎಷ್ಟೋ ಜೀವಗಳು ಉಳಿದಾವು. ಧರ್ಮಸಭೆಯ ಕಾನೂನು ಸಹ ಮತ್ತೆ ಒಂದಾಗುವ ಮಾತನ್ನು ಹೇಳುವುದು ಅಗಲಿಕೆಗೆ ಕಾರಣವಾದದ್ದು ನಿಂತ ಮೇಲೆ. ಕಣ್ಣೀರು ಸುರಿಸಿ ಕ್ಷಮೆ ಬೇಡಿದ ಮಾತ್ರಕ್ಕೆ ಕಾರಣ ನಿಂತಂತಲ್ಲ. ಕ್ಷಮಿಸುವುದು ಆಕೆಯ ಮನಸ್ಸಿಗೆ ಬಿಟ್ಟದ್ದು. ಆಕೆಯ ಸುರಕ್ಷತೆ ಮಾತ್ರ ಯಾರ ಮನಸ್ಸಿಗೂ ಬಿಟ್ಟದ್ದಲ್ಲ.

ನಾಲ್ಕನೆಯದಾಗಿ, ಹೊರಬಂದ ಮೇಲೂ ಕೈಬಿಡಬಾರದು. ಮೊದಲ ವಾರ ಎಲ್ಲರೂ ವಿಚಾರಿಸುತ್ತಾರೆ, ಮೂರನೆಯ ತಿಂಗಳು ಯಾರೂ ಇರುವುದಿಲ್ಲ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆಯನ್ನು ತವರಿನವರು ನೆನೆಯುವುದು ಆಗಲೇ. ಬಾಡಿಗೆಗೆ ಒಂದು ಕೋಣೆ, ಮುಂಗಡಕ್ಕೆ ಒಂದಿಷ್ಟು ಹಣ, ಒಂದು ಕೆಲಸ, ಮಕ್ಕಳಿಗೆ ವರ್ಷದ ನಡುವೆ ಶಾಲೆಯಲ್ಲಿ ಸ್ಥಳ, ನ್ಯಾಯಾಲಯಕ್ಕೆ ಹೋಗುವ ದಿನ ಮಗುವನ್ನು ನೋಡಿಕೊಳ್ಳುವವರು, ಇವೇ ನಿಜವಾದ ಬೆಂಬಲ. ಇವಿಲ್ಲದಿದ್ದರೆ ಆಕೆ ಹಸಿವಿಗೆ ಸೋತು ಹಿಂದಿರುಗುತ್ತಾಳೆ. ಹಾಗೆ ಹಿಂದಿರುಗಿದರೂ ‘ನಿನಗೆ ಹೇಳಿ ಪ್ರಯೋಜನವಿಲ್ಲ’ ಎಂದು ಮುಖ ತಿರುಗಿಸಬಾರದು. ಅನೇಕರು ಒಂದಕ್ಕಿಂತ ಹೆಚ್ಚು ಸಲ ಪ್ರಯತ್ನಿಸಿದ ಮೇಲೆಯೇ ಹೊರಬರುತ್ತಾರೆ. ಎರಡನೆಯ ಸಲ ಬಂದಾಗಲೂ ನಮ್ಮ ಬಾಗಿಲು ತೆರೆದಿರಬೇಕು.

ಇಷ್ಟು ಹೊತ್ತು ನೊಂದವಳ ಕುರಿತು ಹೇಳಿದೆವು. ಪುರುಷರಿಗೆ ಒಂದು ಮಾತು. ಹೊಡೆಯುವವನು ನಿಮ್ಮ ಗೆಳೆಯ, ನಿಮ್ಮ ಸಹೋದ್ಯೋಗಿ, ನಿಮ್ಮ ಜೊತೆ ಹಬ್ಬದ ಪಲ್ಲಕ್ಕಿಗೆ ಹೆಗಲು ಕೊಡುವವನು. ಹೆಂಗಸರು ನೂರು ಸಲ ಹೇಳಿದರೂ ಕೇಳದವನು ಅಂತಹ ಗೆಳೆಯನ ಒಂದು ಮಾತಿಗೆ ತಲೆ ತಗ್ಗಿಸಿಯಾನು. ‘ನೀನು ಮಾಡುತ್ತಿರುವುದು ನಮಗೆ ಗೊತ್ತು, ಅದು ಅಪರಾಧ, ನಾವು ನಿನ್ನ ಪರವಾಗಿ ಸುಳ್ಳು ಹೇಳುವುದಿಲ್ಲ’ ಎಂದು ಹೇಳಲು ಪುರುಷರಿಗೆ ಮಾತ್ರ ಸಾಧ್ಯವಾಗುವ ಸ್ಥಳಗಳಿವೆ. ಆದರೆ ಆಕೆ ನಮ್ಮೊಂದಿಗೆ ಹೇಳಿಕೊಂಡದ್ದನ್ನು ಆಕೆಯ ಒಪ್ಪಿಗೆಯಿಲ್ಲದೆ ಅವನ ಕಿವಿಗೆ ಹಾಕಬಾರದೆಂಬ ಎಚ್ಚರವಿರಲಿ.

ಕೊನೆಯದಾಗಿ, ಶತಮಾನೋತ್ಸವದ ನೆನಪಿಗಾಗಿ ಏನಾದರೂ ಶಾಶ್ವತವಾದುದನ್ನು ಮಾಡಬೇಕೆಂಬ ಚರ್ಚೆ ನಡೆಯುತ್ತಿದೆ. ಕಮಾನು, ಸಭಾಭವನಗಳ ಸಾಲಿಗೆ ನಾವು ನಾಲ್ಕು ಸಣ್ಣ ಸಲಹೆಗಳನ್ನು ಸೇರಿಸಬಯಸುತ್ತೇವೆ. ಮದುವೆಗೆ ಮುನ್ನ ವಧೂವರರಿಗೆ ಕೊಡುವ ತರಬೇತಿಯಲ್ಲಿ ಈ ವಿಷಯಕ್ಕೆ ಒಂದು ಪೂರ್ಣ ಪಾಠ ಮೀಸಲಾಗಲಿ. ಧರ್ಮಕೇಂದ್ರದಲ್ಲಿ ಇಬ್ಬರು ಅಥವಾ ಮೂವರು ಸ್ತ್ರೀಯರು ಇದರಲ್ಲಿ ಸರಿಯಾದ ಶಿಕ್ಷಣ ಪಡೆದು, ಅವರ ಬಳಿ ಹೋಗಬಹುದೆಂಬುದು ಎಲ್ಲ ಮನೆಗಳಿಗೂ ತಿಳಿದಿರಲಿ. ಸಹಾಯವಾಣಿಯ ಸಂಖ್ಯೆಗಳು ದೇವಾಲಯದ ಫಲಕದ ಮೇಲೆ ಮಾತ್ರವಲ್ಲ, ಹೆಂಗಸರು ಒಬ್ಬೊಬ್ಬರೇ ನಿಂತು ಓದಬಹುದಾದ ಸ್ಥಳದಲ್ಲಿಯೂ ಇರಲಿ. ಮನೆ ಬಿಟ್ಟು ಬಂದವಳ ಮೊದಲ ಮೂರು ತಿಂಗಳಿಗೆ ಆಸರೆಯಾಗುವಂತಹ ಒಂದು ಸಣ್ಣ ನಿಧಿ ಏರ್ಪಡಲಿ. ಅದು ಯಾರಿಗೆ ಹೋಯಿತೆಂಬ ಲೆಕ್ಕ ಇಬ್ಬರಿಗೆ ಮಾತ್ರ ತಿಳಿದಿರಲಿ. ಇವುಗಳಿಗೆ ಅಂತಹ ದೊಡ್ಡ ಹಣವೇನೂ ಬೇಕಿಲ್ಲ.

ವಿವಾಹ ಪುಸ್ತಕದಲ್ಲಿ ಸಹಿ ಮಾಡುವ ಸಾಕ್ಷಿಗಳು ಇಬ್ಬರೇ. ಆದರೆ ಚಪ್ಪರದಲ್ಲಿ ಕುಳಿತು ಉಂಡವರು, ಅಕ್ಕಪಕ್ಕದ ಗೋಡೆಯಾಚೆ ವಾಸಿಸುವವರು, ಒಂದೇ ಬೆಂಚಿನಲ್ಲಿ ಕುಳಿತು ಪೂಜೆ ಕೇಳುವವರು, ಎಲ್ಲರೂ ಆ ಮದುವೆಗೆ ಸಾಕ್ಷಿಗಳೇ. ಸಾಕ್ಷಿಯಾದವರು ಕಂಡದ್ದನ್ನು ಕಂಡೆವೆನ್ನಬೇಕು, ಕೇಳಿದ್ದನ್ನು ಕೇಳಿದೆವೆನ್ನಬೇಕು. ಈ ಸಭೆಯಲ್ಲಿಯೇ ಯಾವಳಾದರೂ ಸಹೋದರಿ ತನ್ನ ನೋವನ್ನು ನುಂಗಿಕೊಂಡು ಕುಳಿತಿದ್ದರೆ ಆಕೆಗೆ ಹೇಳುತ್ತೇವೆ: ತಾಯೀ, ತಪ್ಪು ನಿನ್ನದಲ್ಲ, ನೀನು ಒಂಟಿಯೂ ಅಲ್ಲ. ಉಳಿದವರೆಲ್ಲರಿಗೂ ನಮ್ಮ ವಿನಂತಿ, ಆಕೆಗೆ ಈ ಮಾತು ನಿಜವಾಗುವಂತೆ ನಡೆದುಕೊಳ್ಳಿ.